ಒಟ್ಟಿಗೆ ಕೂತು ಕಟ್ಟಿದ ನಾದ

1964ರ ಬೇಸಿಗೆಯಲ್ಲಿ ಜಾನ್ ಚೌನಿಂಗ್ ಎಂಬ ತರುಣ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ಗೆ ಹೋದರು. ಅವರು ಡ್ರಮ್ ನುಡಿಸುತ್ತಿದ್ದರು, ಸ್ಟ್ಯಾನ್‌ಫರ್ಡ್‌ನಲ್ಲಿ ಸಂಗೀತ ಸಂಯೋಜನೆ ಓದುತ್ತಿದ್ದರು. ಕಂಪ್ಯೂಟರ್ ಗೊತ್ತಿರಲಿಲ್ಲ. ಕಂಪ್ಯೂಟರಿನಿಂದ ಯಾವ ನಾದವನ್ನಾದರೂ ಹುಟ್ಟಿಸಬಹುದು ಎಂದು ಮ್ಯಾಕ್ಸ್ ಮ್ಯಾಥ್ಯೂಸ್ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ ಓದಿ, ಅವರನ್ನೇ ಕಾಣಲು ಹೊರಟಿದ್ದರು. ಮ್ಯಾಥ್ಯೂಸ್ ತಮ್ಮ ‘ಮ್ಯೂಸಿಕ್ 4’ ಪ್ರೋಗ್ರಾಂ ಇದ್ದ ತೂತು ಕಾರ್ಡುಗಳ ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟು ಕಳಿಸಿದರು. ಸ್ಟ್ಯಾನ್‌ಫರ್ಡ್‌ಗೆ ಮರಳಿದ ಮೇಲೆ ಆ ಕಾರ್ಡುಗಳಿಗೆ ಜೀವ ಬರಿಸಲು ಚೌನಿಂಗ್‌ಗೆ ನೆರವಾದವನು ಡೇವಿಡ್ ಪೂಲ್. ಅವನು ಗಣಿತದ ವಿದ್ಯಾರ್ಥಿ, ವಾದ್ಯವೃಂದದಲ್ಲಿ ಟ್ಯೂಬಾ ಊದುವವನು. ಒಬ್ಬ ತಾಳವಾದ್ಯಗಾರ ಮತ್ತು ಒಬ್ಬ ಟ್ಯೂಬಾ ವಾದಕ ಸೇರಿ ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರಿನಿಂದ ಸ್ವರ ಹೊರಡಿಸಿದರು. ಅದೇ ಹಾದಿಯಲ್ಲಿ 1967ರಲ್ಲಿ ಚೌನಿಂಗ್ ಎಫ್‌ಎಂ ನಾದಸಂಶ್ಲೇಷಣೆಯನ್ನು ಕಂಡುಕೊಂಡರು. ಯಮಾಹಾ ಕಂಪನಿ ಅದಕ್ಕೆ ಪರವಾನಗಿ ಪಡೆದು 1983ರಲ್ಲಿ ಡಿಎಕ್ಸ್7 ಕೀಬೋರ್ಡನ್ನು ಹೊರತಂದಿತು. ಎಂಬತ್ತರ ದಶಕದ ಪಾಪ್ ಹಾಡುಗಳ ಗಂಟೆಯಂಥ ಆ ಸ್ವರ ಜಗತ್ತಿನ ಕಿವಿಗೆಲ್ಲ ಪರಿಚಿತವಾಯಿತು.

ಈಗ ‘ಮ್ಯೂಸಿಕ್ ಹ್ಯಾಕಥಾನ್’ ಎಂದು ಕರೆಯುವ ಕೂಟಗಳ ಚರಿತ್ರೆಯನ್ನು ಇಲ್ಲಿಂದ ಶುರುಮಾಡುವುದೇ ನ್ಯಾಯ. ಸಂಗೀತ ಬಲ್ಲವರು ಮತ್ತು ಯಂತ್ರ ಬಲ್ಲವರು ಒಂದೇ ಮೇಜಿಗೆ ಬರುವುದು, ಒಬ್ಬರು ಬರೆದ ಪ್ರೋಗ್ರಾಂ ಇನ್ನೊಬ್ಬರ ಕೈಗೆ ಅಡೆತಡೆಯಿಲ್ಲದೆ ದಾಟುವುದು, ಹೊಳೆದದ್ದನ್ನು ಆದಷ್ಟು ಬೇಗ ಕಿವಿಯಲ್ಲಿ ಕೇಳಿ ನೋಡುವುದು, ಈ ಮೂರೂ ಆ ಕಥೆಯಲ್ಲಿವೆ. ಮೊದಲೆರಡು ಆಗಲೇ ಕೈಗೂಡಿದ್ದವು. ಮೂರನೆಯದಕ್ಕೆ ಇನ್ನೂ ಕಾಯಬೇಕಿತ್ತು. 1957ರಲ್ಲಿ ಮ್ಯಾಥ್ಯೂಸರ ಮೊದಲ ಪ್ರೋಗ್ರಾಂ ನ್ಯೂಯಾರ್ಕ್‌ನ ಐಬಿಎಂ 704 ಯಂತ್ರದಲ್ಲಿ ಓಡಿತು. ಅಲ್ಲಿ ಸಿಕ್ಕಿದ್ದು ಟೇಪಿನ ಮೇಲಿನ ಅಂಕಿಗಳು ಮಾತ್ರ. ಅವು ಸದ್ದಾಗಬೇಕಾದರೆ ಟೇಪನ್ನು ನ್ಯೂಜೆರ್ಸಿಗೆ ಹೊತ್ತು ತಂದು ಬೇರೊಂದು ಯಂತ್ರಕ್ಕೆ ಹಾಕಬೇಕು. ಇಷ್ಟೆಲ್ಲ ಪಾಡಿನ ಕೊನೆಗೆ ಕೇಳಿದ್ದು ನ್ಯೂಮನ್ ಗಟ್‌ಮನ್ ರಚಿಸಿದ 17 ಸೆಕೆಂಡುಗಳ ಒಂದು ತುಣುಕು.

1966ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಹಳೆಯ ಸೇನಾ ಕಟ್ಟಡವೊಂದರಲ್ಲಿ ‘9 ಈವ್ನಿಂಗ್ಸ್’ ಎಂಬ ಪ್ರದರ್ಶನ ಸರಣಿ ನಡೆಯಿತು. ಬೆಲ್ ಲ್ಯಾಬ್ಸ್‌ನ ಬಿಲ್ಲಿ ಕ್ಲೂವರ್ ಮತ್ತು ಚಿತ್ರಕಾರ ರಾಬರ್ಟ್ ರೌಶೆನ್‌ಬರ್ಗ್ ಹತ್ತು ಜನ ಕಲಾವಿದರನ್ನೂ ಸುಮಾರು ಮೂವತ್ತು ಎಂಜಿನಿಯರುಗಳನ್ನೂ ತಿಂಗಳುಗಟ್ಟಲೆ ಒಟ್ಟಿಗೆ ಕೆಲಸಕ್ಕೆ ಹಚ್ಚಿದ್ದರು. ಜಾನ್ ಕೇಜ್ ಊರಿನ ಬೇರೆ ಬೇರೆ ಜಾಗಗಳಿಂದ ಟೆಲಿಫೋನ್ ತಂತಿಯಲ್ಲಿ ಸದ್ದುಗಳನ್ನು ಸಭಾಂಗಣಕ್ಕೆ ಎಳೆತಂದರು. ಅದೇ ಬಳಗದ ಡೇವಿಡ್ ಟ್ಯೂಡರ್ 1969ರಲ್ಲಿ ಅಹಮದಾಬಾದಿಗೆ ಬಂದು ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ ಇದ್ದ ಸ್ಟುಡಿಯೋ ಒಂದನ್ನು ಕಟ್ಟಿದರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮುಂತಾದವರು ಅಲ್ಲಿ ಪ್ರಯೋಗ ನಡೆಸಿದರು. ಆ ಟೇಪುಗಳು ಮೂಲೆಗೆ ಬಿದ್ದು, ಈಚಿನ ವರ್ಷಗಳಲ್ಲಷ್ಟೇ ಮತ್ತೆ ಬೆಳಕು ಕಂಡವು. ಭಾರತದ ಎಲೆಕ್ಟ್ರಾನಿಕ್ ಸಂಗೀತದ ಆರಂಭದ ಪುಟ ಇಷ್ಟು ಕಾಲ ಕಪಾಟಿನಲ್ಲಿ ಉಳಿದದ್ದು ನೋವಿನ ಸಂಗತಿ.

‘ಹ್ಯಾಕಥಾನ್’ ಎಂಬ ಹೆಸರು ಬಂದದ್ದು ಬೇರೆ ಕಡೆಯಿಂದ, ಸಂಗೀತಕ್ಕೆ ಸಂಬಂಧವೇ ಇಲ್ಲದ ಕಾರಣಕ್ಕೆ. ಗೂಢಲಿಪಿ ತಂತ್ರಾಂಶವನ್ನು ಹೊರದೇಶಕ್ಕೆ ಕಳಿಸುವುದರ ಮೇಲೆ ಅಮೆರಿಕದಲ್ಲಿ ಬಿಗಿ ಕಾನೂನಿತ್ತು. ಅದರಿಂದ ಪಾರಾಗಲು ಓಪನ್‌ಬಿಎಸ್‌ಡಿ ತಂಡದ ಹತ್ತು ಮಂದಿ 1999ರ ಜೂನ್‌ನಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಸೇರಿ ಕೋಡ್ ಬರೆದರು. ಅದೇ ತಿಂಗಳು ಸನ್ ಕಂಪನಿಯ ಜಾವಾ ಸಮ್ಮೇಳನದಲ್ಲೂ ಇದೇ ಹೆಸರಿನ ಸವಾಲೊಂದು ನಡೆಯಿತು. ಆಮೇಲಿನ ಹತ್ತು ವರ್ಷಗಳಲ್ಲಿ ಈ ಪದ್ಧತಿ ಕಂಪ್ಯೂಟರ್ ಲೋಕದ ತುಂಬ ಹರಡಿತು.

ಸಂಗೀತ ಅದರ ಕೈ ಹಿಡಿದದ್ದು 2009ರ ಜುಲೈ 11 ಮತ್ತು 12ರಂದು, ಲಂಡನ್ನಿನ ಕಿಂಗ್ಸ್ ಪ್ಲೇಸ್‌ನಲ್ಲಿರುವ ‘ಗಾರ್ಡಿಯನ್’ ಪತ್ರಿಕೆಯ ಕಚೇರಿಯಲ್ಲಿ. ಆಗ ಸೌಂಡ್‌ಕ್ಲೌಡ್‌ನಲ್ಲಿದ್ದ ಡೇವ್ ಹೇನ್ಸ್ ಮೊದಲ ‘ಮ್ಯೂಸಿಕ್ ಹ್ಯಾಕ್ ಡೇ’ಯನ್ನು ಅಲ್ಲಿ ಏರ್ಪಡಿಸಿದರು. ಅದು ಆ ಹೊತ್ತಿಗೇ ಸಾಧ್ಯವಾದದ್ದಕ್ಕೆ ಕಾರಣವಿತ್ತು. ಯಾರು ಯಾವ ಹಾಡು ಕೇಳಿದರು ಎಂಬ ಲೆಕ್ಕ ಲಾಸ್ಟ್.ಎಫ್‌ಎಂ ಬಳಿ ಇತ್ತು. ಯಾವ ಊರಲ್ಲಿ ಯಾರ ಕಛೇರಿ ಎಂಬ ಪಟ್ಟಿ ಸಾಂಗ್‌ಕಿಕ್ ಬಳಿ ಇತ್ತು. ಧ್ವನಿಯನ್ನು ಏರಿಸಿ ಹಂಚುವ ಜಾಗ ಸೌಂಡ್‌ಕ್ಲೌಡ್. ಈ ಕಂಪನಿಗಳೆಲ್ಲ ತಮ್ಮ ಉಗ್ರಾಣಗಳಿಗೆ ಎಪಿಐ ಎಂಬ ಕಿಟಕಿ ತೆರೆದಿದ್ದವು. ಹೊರಗಿನವರು ಆ ಕಿಟಕಿಯಲ್ಲಿ ಕೇಳಿದ ಮಾಹಿತಿಯನ್ನು ಪಡೆದು ತಮಗೆ ಬೇಕಾದ್ದನ್ನು ಕಟ್ಟಿಕೊಳ್ಳಬಹುದಿತ್ತು. ನಾಲ್ಕು ವರ್ಷ ಮೊದಲಾಗಿದ್ದರೆ ಅಷ್ಟು ಜನರನ್ನು ಒಂದು ಕೋಣೆಯಲ್ಲಿ ಕೂರಿಸಿದರೂ ಅವರ ಕೈಗೆ ಕೊಡಲು ಸರಕಿರುತ್ತಿರಲಿಲ್ಲ.

ಇಂಥ ಕೂಟದ ನಡಾವಳಿ ಸರಳ. ಶನಿವಾರ ಬೆಳಿಗ್ಗೆ ಕಂಪನಿಗಳವರು, ಸಂಶೋಧಕರು ತಮ್ಮ ಸಲಕರಣೆಗಳನ್ನು ಪರಿಚಯಿಸುತ್ತಾರೆ. ಯಾರಿಗೆ ಏನು ಹೊಳೆದಿದೆಯೋ ಎದ್ದು ಹೇಳುತ್ತಾರೆ. ಗುರುತು ಪರಿಚಯವಿಲ್ಲದವರು ಇಬ್ಬರು ಮೂವರಾಗಿ ಕೂಡಿಕೊಳ್ಳುತ್ತಾರೆ. ಮಧ್ಯಾಹ್ನದಿಂದ ಮರುದಿನ ಮಧ್ಯಾಹ್ನದವರೆಗೆ ಕೆಲಸ, ರಾತ್ರಿ ನಿದ್ದೆ ಇದ್ದರೆ ಇದೆ. ಭಾನುವಾರ ಸಂಜೆ ಎಲ್ಲರೆದುರು ಪ್ರದರ್ಶನ, ತಂಡಕ್ಕೆ ಒಂದೆರಡು ನಿಮಿಷ. ವೇದಿಕೆಯ ಮೇಲೆ ಕೋಡ್ ಕೈಕೊಡುವುದು ಮಾಮೂಲಿ. ಆಗಲೂ ಚಪ್ಪಾಳೆ ಬೀಳುತ್ತದೆ, ಯಾಕೆಂದರೆ ಹಿಂದಿನ ರಾತ್ರಿ ಆ ಕೋಡ್ ಬರೆದವರ ಪಕ್ಕದಲ್ಲೇ ಸಭೆಯವರೆಲ್ಲ ಎಚ್ಚರವಿದ್ದವರು.

ಲಂಡನ್ನಿನ ಬೆನ್ನಿಗೇ ಬರ್ಲಿನ್, ಆಮ್‌ಸ್ಟರ್‌ಡ್ಯಾಂ, ಬಾಸ್ಟನ್. ಮರುವರ್ಷ ಸ್ಟಾಕ್‌ಹೋಂ, ಸ್ಯಾನ್ ಫ್ರಾನ್ಸಿಸ್ಕೊ, ಬಾರ್ಸಿಲೋನಾ. ಈ ಊರುಗಳ ಪೈಕಿ ಬಾಸ್ಟನ್ನಿನ ಕೊಡುಗೆ ದೊಡ್ಡದು, ಅದಕ್ಕೆ ಕಾರಣ ಪಕ್ಕದ ಸಾಮರ್‌ವಿಲ್‌ನಲ್ಲಿದ್ದ ‘ಎಕೊ ನೆಸ್ಟ್’ ಎಂಬ ಪುಟ್ಟ ಕಂಪನಿ. ಎಂಐಟಿಯ ಮೀಡಿಯಾ ಲ್ಯಾಬ್‌ನಲ್ಲಿ ಸಂಶೋಧನೆ ಮುಗಿಸಿದ ಟ್ರಿಸ್ಟನ್ ಜೆಹಾನ್ ಮತ್ತು ಬ್ರಯಾನ್ ವಿಟ್‌ಮನ್ 2005ರಲ್ಲಿ ಅದನ್ನು ಕಟ್ಟಿದ್ದರು. ಹಾಡೊಂದನ್ನು ಅದಕ್ಕೆ ಕೊಟ್ಟರೆ ಪ್ರತಿ ಮಿಡಿತ ಎಲ್ಲಿ ಬೀಳುತ್ತದೆ, ಅಲ್ಲಿ ಯಾವ ಸ್ವರಗಳಿವೆ, ನಾದದ ಬಣ್ಣ ಎಂಥದು, ಸದ್ದು ಎಷ್ಟು ಜೋರು ಎಂಬುದನ್ನೆಲ್ಲ ಅಂಕಿಗಳಲ್ಲಿ ಹಿಂತಿರುಗಿಸುತ್ತಿತ್ತು. ವರ್ಷಗಳ ಸಂಶೋಧನೆಯ ಫಲ ಒಂದು ಸಾಲಿನ ಕೋಡಿಗೆ ದಕ್ಕುತ್ತಿತ್ತು ಎಂದರೆ ಅದರ ಬೆಲೆ ಅರ್ಥವಾದೀತು.

2010ರಲ್ಲಿ ಜೆಹಾನ್ ಅವರೇ ಬರೆದ ‘ದಿ ಸ್ವಿಂಗರ್’ ಇದಕ್ಕೆ ಒಳ್ಳೆಯ ಉದಾಹರಣೆ. ಯಾವುದೇ ಹಾಡಿನ ಪ್ರತಿ ಮಿಡಿತದ ಮೊದಲರ್ಧವನ್ನು ಹಿಗ್ಗಿಸಿ, ಎರಡನೆಯ ಅರ್ಧವನ್ನು ಕುಗ್ಗಿಸಿದರೆ ಅದಕ್ಕೆ ಜ್ಯಾಜ್‌ನ ತೂಗಾಟ ಬರುತ್ತದೆ. ನೆಟ್ಟಗೆ ನಡೆಯುವ ರಾಕ್ ಹಾಡೂ ಈ ಪ್ರೋಗ್ರಾಮಿನ ಬಾಯಿಗೆ ಬಿದ್ದು ಓಲಾಡತೊಡಗುತ್ತದೆ. 2012ರ ನವೆಂಬರ್‌ನಲ್ಲಿ ಬಾಸ್ಟನ್ ಕೂಟದಲ್ಲಿ ಪಾಲ್ ಲಮೇರ್ ಕಟ್ಟಿದ ‘ಇನ್ಫಿನಿಟ್ ಜ್ಯೂಕ್‌ಬಾಕ್ಸ್’ ಇನ್ನೂ ಮುಂದೆ ಹೋಯಿತು. ಅದು ಹಾಡನ್ನು ಮಿಡಿತಗಳಾಗಿ ಕತ್ತರಿಸಿ ಒಂದು ವೃತ್ತದ ಸುತ್ತ ಜೋಡಿಸುತ್ತದೆ. ಸದ್ದಿನಲ್ಲಿ ಒಂದನ್ನೊಂದು ಹೋಲುವ ಮಿಡಿತಗಳ ನಡುವೆ ಕಮಾನು ಎಳೆಯುತ್ತದೆ. ಹಾಡು ನಡೆಯುತ್ತ ಅಂಥ ಜಾಗಕ್ಕೆ ಬಂದಾಗ ಕಮಾನಿನ ಮೇಲೆ ಹಾರಿ ಇನ್ನೊಂದು ತುದಿಗೆ ಇಳಿಯಬಹುದು. ಹೊಲಿಗೆ ಕಿವಿಗೆ ತಿಳಿಯುವುದಿಲ್ಲ. ನಾಲ್ಕು ನಿಮಿಷದ ಹಾಡು ಹೀಗೆ ನಿಲ್ಲದೆ ಸಾಗುತ್ತದೆ. ಜನ ಅದನ್ನು ಮೋಜಿಗಾಗಿ ಕೇಳಿದರು. ಸಂಗೀತ ಬಲ್ಲವರಿಗೆ ಅದರಲ್ಲಿ ಬೇರೊಂದು ಲಾಭವಿತ್ತು. ಯಾವ ಹಾಡು ತನ್ನನ್ನೇ ಎಷ್ಟು ಮರುಕಳಿಸುತ್ತದೆ, ಎಲ್ಲಿ ಹೊಸ ಜಾಗಕ್ಕೆ ಹೋಗುತ್ತದೆ ಎಂಬುದು ಆ ಕಮಾನುಗಳ ಚಿತ್ರದಲ್ಲಿ ಕಣ್ಣಿಗೇ ಕಾಣುತ್ತಿತ್ತು.

ಇಷ್ಟಾದರೂ ಸಂಶೋಧಕರಿಗೆ ಒಂದು ಕೊರತೆ ಉಳಿದಿತ್ತು. ಹ್ಯಾಕ್ ಡೇಗಳಲ್ಲಿ ಬಹುಪಾಲು ನಡೆಯುತ್ತಿದ್ದುದು ಸಿದ್ಧ ಸಲಕರಣೆಗಳನ್ನು ಜೋಡಿಸಿ ಆಪ್‌ಗಳ ಮಾದರಿ ಮಾಡುವ ಕೆಲಸ. ಮಿಡಿತವನ್ನು ಹುಡುಕುವ ವಿಧಾನವೇ ಸರಿಯಿಲ್ಲ, ಹೊಸದನ್ನು ಯೋಚಿಸೋಣ ಎನ್ನುವವನಿಗೆ ಅಲ್ಲಿ ಜಾಗ ಕಡಿಮೆ. ವಿಶ್ವವಿದ್ಯಾಲಯಗಳಲ್ಲೋ ಒಂದು ಕಲ್ಪನೆ ಪ್ರಬಂಧವಾಗಲು ವರ್ಷ ಹಿಡಿಯುತ್ತದೆ. ಆ ಹೆದರಿಕೆಗೇ ಎಷ್ಟೋ ಹುಚ್ಚು ಕಲ್ಪನೆಗಳನ್ನು ಯಾರೂ ಮುಟ್ಟುವುದಿಲ್ಲ. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡ್ಯಾನ್ ಎಲಿಸ್ ನಡೆಸುತ್ತಿದ್ದ ಲ್ಯಾಬ್‌ರೋಸಾ ಪ್ರಯೋಗಾಲಯದ ವಿದ್ಯಾರ್ಥಿ ಕಾಲಿನ್ ರಾಫೆಲ್ 2013ರಲ್ಲಿ ಇದಕ್ಕೆ ಉತ್ತರವಾಗಿ ‘ಹ್ಯಾಮರ್’ ಎಂಬ ಕೂಟ ಶುರುಮಾಡಿದರು. ಶ್ರವ್ಯ ಮತ್ತು ಸಂಗೀತ ಸಂಶೋಧನೆಗೇ ಮೀಸಲಾದ ಹ್ಯಾಕಥಾನ್ ಅದು. ಮಾರುವ ಸರಕಿನ ಮಾದರಿ ಅಲ್ಲಿ ಯಾರಿಗೂ ಬೇಕಿರಲಿಲ್ಲ. ಧ್ವನಿಯನ್ನು ವಿಶ್ಲೇಷಿಸುವ, ಬದಲಿಸುವ, ಹುಟ್ಟಿಸುವ ಹೊಸ ತಂತ್ರವೊಂದರ ಮೊದಲ ಪರೀಕ್ಷೆ ಒಂದೆರಡು ದಿನದಲ್ಲಿ ಆಗಬೇಕು, ಸೋತರೂ ಸರಿ ಎಂಬುದು ಅದರ ಗುರಿ. ಮುಂದೆ ಈ ಕೂಟ ‘ಇಸ್ಮಿರ್’ ಸಮ್ಮೇಳನದ ಜೊತೆ ತೈಪೆಗೆ, ಮಲಗಾಗೆ ಹೋಯಿತು.

ಇಸ್ಮಿರ್ ಎಂದರೆ ಸಂಗೀತ ಮಾಹಿತಿ ಸಂಶೋಧನೆಯ ಅಂತರರಾಷ್ಟ್ರೀಯ ಸಂಘಟನೆ. ಅದರ ಮೊದಲ ಸಭೆ 2000ದಲ್ಲಿ ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ನಲ್ಲಿ ಸೇರಿತ್ತು. ಈ ವಿದ್ಯೆಯ ದೊಡ್ಡ ಸಂಕಟ ಹುಟ್ಟಿನಿಂದಲೂ ಒಂದೇ: ಸಂಗೀತದ ಮೇಲೆ ಕೆಲಸ ಮಾಡುವವರು ಸಂಗೀತವನ್ನು ಹಂಚಿಕೊಳ್ಳುವಂತಿಲ್ಲ. ಹಾಡುಗಳೆಲ್ಲ ಹಕ್ಕುಸ್ವಾಮ್ಯದ ಸ್ವತ್ತು. ಒಬ್ಬ ಸಂಶೋಧಕ ತನ್ನ ವಿಧಾನ ಚೆನ್ನಾಗಿದೆ ಎಂದರೆ ಇನ್ನೊಬ್ಬ ಅದೇ ಹಾಡುಗಳ ಮೇಲೆ ಪರೀಕ್ಷಿಸಿ ನೋಡುವ ಹಾಗಿಲ್ಲ. 2004ರಲ್ಲಿ ಬಾರ್ಸಿಲೋನಾದ ಸಮ್ಮೇಳನದಲ್ಲಿ ಹೋಲಿಕೆಯ ಸ್ಪರ್ಧೆಯೊಂದು ನಡೆಯಿತು. ಮರುವರ್ಷದಿಂದ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸ್ಟೀಫನ್ ಡೌನಿ ‘ಮೈರೆಕ್ಸ್’ ಎಂಬ ವಾರ್ಷಿಕ ಪರೀಕ್ಷೆ ಆರಂಭಿಸಿದರು. ಅಲ್ಲಿ ಹಾಡುಗಳು ಕದಲುವುದಿಲ್ಲ, ಪ್ರೋಗ್ರಾಮುಗಳೇ ಹಾಡುಗಳಿದ್ದಲ್ಲಿಗೆ ಬಂದು ಓಡುತ್ತವೆ. ಜಾಣ ಉಪಾಯ. ಆದರೆ ಎಲ್ಲಿ ತಪ್ಪಾಯಿತು ಎಂದು ಹಾಡು ಕೇಳಿ ತಿಳಿಯುವ ಭಾಗ್ಯ ಪ್ರೋಗ್ರಾಂ ಬರೆದವರಿಗಿರಲಿಲ್ಲ. 2011ರಲ್ಲಿ ಲ್ಯಾಬ್‌ರೋಸಾ ಮತ್ತು ಎಕೊ ನೆಸ್ಟ್ ಸೇರಿ ಹೊರತಂದ ‘ಮಿಲಿಯನ್ ಸಾಂಗ್ ಡೇಟಾಸೆಟ್’ನ ಪಾಡೂ ಅದೇ. ಹತ್ತು ಲಕ್ಷ ಹಾಡುಗಳ ವಿವರ, 280 ಗಿಗಾಬೈಟ್ ಅಂಕಿಅಂಶ, ಆದರೆ ಅದರಲ್ಲಿ ಕಿವಿಗೆ ಕೇಳುವಂಥದ್ದು ಏನೂ ಇಲ್ಲ.

ಈ ಗೋಡೆಗಳ ನಡುವೆ ಹ್ಯಾಕಥಾನ್ ಮಂದಿ ಕಂಡುಕೊಂಡ ದಾರಿಯೆಂದರೆ, ಹಾಡನ್ನು ಹಂಚಲಾಗದಿದ್ದರೆ ಉಪಕರಣವನ್ನು ಹಂಚುವುದು. ಬ್ರಯಾನ್ ಮೆಕ್‌ಫೀ ಮತ್ತು ಸಂಗಡಿಗರು ಕಟ್ಟಿದ ‘ಲಿಬ್ರೋಸಾ’ ಎಂಬ ಪೈಥಾನ್ ಲೈಬ್ರರಿಗೆ ಲ್ಯಾಬ್‌ರೋಸಾ ಪ್ರಯೋಗಾಲಯದ ಹೆಸರೇ ಮೂಲ. ಸದ್ದಿನ ಜೊತೆ ಕೆಲಸ ಕಲಿಯುವ ವಿದ್ಯಾರ್ಥಿ ಮೊದಲು ಮುಟ್ಟುವ ಉಪಕರಣಗಳಲ್ಲಿ ಇಂದು ಅದೂ ಒಂದು. ಫಲಿತಾಂಶಗಳನ್ನು ಎಲ್ಲರೂ ಒಂದೇ ಅಳತೆಗೋಲಿನಿಂದ ಅಳೆಯಲೆಂದು ರಾಫೆಲ್ ಮತ್ತು ಗೆಳೆಯರು 2014ರಲ್ಲಿ ‘ಮಿರ್ ಇವಾಲ್’ ಹೊರತಂದರು. 2016ರಲ್ಲಿ ಮುಗಿದ ರಾಫೆಲ್ ಅವರ ಪಿಎಚ್‌ಡಿಯಿಂದ 1,76,581 ಮಿಡಿ ಫೈಲುಗಳ (ಸದ್ದಿನ ಬದಲು ಸ್ವರಗಳ ಸೂಚನೆ ಬರೆದಿಟ್ಟವು) ಒಂದು ಸಂಗ್ರಹ ಹೊರಬಂತು. ಲಕ್ಷದ ಆಸುಪಾಸಿನ ಸಂಖ್ಯೆ ಎಂದು ಅದಕ್ಕೆ ಅವರು ನಮ್ಮ ಲೆಕ್ಕದಿಂದಲೇ ‘ಲಾಖ್’ ಎಂದು ಹೆಸರಿಟ್ಟರು. ಕಂಪ್ಯೂಟರಿಗೆ ಸಂಗೀತ ರಚಿಸಲು ಕಲಿಸುವ ಅನೇಕ ಪ್ರಯೋಗಗಳು ಆ ಫೈಲುಗಳನ್ನು ಬಳಸಿವೆ.

ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಬಾರ್ಸಿಲೋನಾ ಇದೇ ಹಾದಿಯಲ್ಲಿ ನಡೆಯುತ್ತಿತ್ತು. ಚೌನಿಂಗ್ ಸ್ಥಾಪಿಸಿದ ಸ್ಟ್ಯಾನ್‌ಫರ್ಡ್‌ನ ಸಂಗೀತ ಕೇಂದ್ರದಲ್ಲಿ 1989ರಲ್ಲಿ ಪಿಎಚ್‌ಡಿ ಮುಗಿಸಿದ ಷಾವಿಯರ್ ಸೆರ್ರಾ ತಮ್ಮೂರಿಗೆ ಮರಳಿ, 1994ರಲ್ಲಿ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಸಂಗೀತ ತಂತ್ರಜ್ಞಾನದ ಬಳಗ ಕಟ್ಟಿದರು. ಯಾರು ಬೇಕಾದರೂ ಸದ್ದುಗಳನ್ನು ಏರಿಸಿ, ಯಾರು ಬೇಕಾದರೂ ಇಳಿಸಿಕೊಳ್ಳುವ ‘ಫ್ರೀಸೌಂಡ್’ ಸಂಗ್ರಹ 2005ರಲ್ಲಿ ಅಲ್ಲಿಂದಲೇ ಆರಂಭವಾಯಿತು. ಸಂಗೀತ ವಿಶ್ಲೇಷಣೆಯ ‘ಎಸೆನ್ಷಿಯಾ’ ತಂತ್ರಾಂಶವನ್ನು 2013ರಲ್ಲಿ ಮುಕ್ತವಾಗಿ ಬಿಟ್ಟುಕೊಟ್ಟರು. ಬಾರ್ಸಿಲೋನಾದ ಮ್ಯೂಸಿಕ್ ಹ್ಯಾಕ್ ಡೇಯನ್ನು ನಡೆಸುತ್ತಿದ್ದುದೂ ಇದೇ ಬಳಗ. ಮುಂದೆ ಅದು ಆ ಊರಿನ ಪ್ರಖ್ಯಾತ ಸೋನಾರ್ ಸಂಗೀತೋತ್ಸವದ ಅಂಗಳಕ್ಕೇ ಹೋಯಿತು.

ಸೆರ್ರಾ 2011ರಲ್ಲಿ ಕೈಗೆತ್ತಿಕೊಂಡ ‘ಕಾಂಪ್‌ಮ್ಯೂಸಿಕ್’ ಯೋಜನೆಯಿಂದ ಈ ಕಥೆ ನಮ್ಮ ಅಂಗಳಕ್ಕೆ ಬರುತ್ತದೆ. ಯುರೋಪಿನ ಸಂಶೋಧನಾ ಮಂಡಳಿಯ ಹಣದಲ್ಲಿ 2017ರವರೆಗೆ ನಡೆದ ಆ ಯೋಜನೆ ಐದು ಪರಂಪರೆಗಳನ್ನು ಎತ್ತಿಕೊಂಡಿತು: ಕರ್ನಾಟಕ ಸಂಗೀತ, ಹಿಂದೂಸ್ತಾನಿ, ಟರ್ಕಿಯ ಮಕಾಮ್, ಅರಬ್-ಆಂಡಲೂಸಿಯನ್ ಸಂಗೀತ ಮತ್ತು ಬೀಜಿಂಗ್ ಒಪೆರಾ. ಮದ್ರಾಸ್ ಮತ್ತು ಬಾಂಬೆ ಐಐಟಿಗಳು ಪಾಲುದಾರರಾದವು. ಪಶ್ಚಿಮದ ಪಾಪ್ ಹಾಡು ಕೇಳಿ ಕಲಿತ ಪ್ರೋಗ್ರಾಮುಗಳು ಈ ಸಂಗೀತಗಳ ಮುಂದೆ ಎಡವುತ್ತವೆ ಎಂಬ ತಿಳಿವೇ ಯೋಜನೆಯ ಮೂಲ.

ಎಡವುವುದು ಎಲ್ಲಿ ಎಂಬುದನ್ನು ಕಛೇರಿ ಕೇಳುವ ಯಾರಾದರೂ ಊಹಿಸಬಲ್ಲರು. ಮಿಡಿತ ಹುಡುಕುವ ಪ್ರೋಗ್ರಾಂ ಸಮ ಅಂತರದ ಬಡಿತಗಳನ್ನು ನಿರೀಕ್ಷಿಸುತ್ತದೆ, ನಾಲ್ಕು ನಾಲ್ಕಾಗಿ ಎಣಿಸಲು ನೋಡುತ್ತದೆ. ಮಿಶ್ರಚಾಪುವಿನಲ್ಲಿ ಬೀಳುವ ಚಪ್ಪಾಳೆಗಳು ಸಮ ಅಂತರದಲ್ಲಿಲ್ಲ, ಏಳು ಅಕ್ಷರಗಳು ಮೂರು ಮತ್ತು ನಾಲ್ಕಾಗಿ ಒಡೆಯುತ್ತವೆ. ಖಂಡಚಾಪುವಿನ ಐದು, ಎರಡು ಮತ್ತು ಮೂರು. ಆದಿತಾಳದ ಎಂಟು ಅಕ್ಷರಗಳಿಗಾದರೂ ಒಗ್ಗಿಕೊಂಡೀತು ಎಂದರೆ ಅಲ್ಲಿ ಎಡುಪಿನ ತೊಡಕು: ಪಲ್ಲವಿ ತಾಳದ ಸಮಕ್ಕೇ ಶುರುವಾಗಬೇಕೆಂದಿಲ್ಲ, ಅರ್ಧ ಅಕ್ಷರವೋ ಒಂದೂವರೆ ಅಕ್ಷರವೋ ಬಿಟ್ಟು ಎತ್ತಿಕೊಳ್ಳಬಹುದು. ಮೃದಂಗದವರು ಲೆಕ್ಕಾಚಾರಕ್ಕೆ ಇಳಿದರಂತೂ ಕೈಯಲ್ಲಿ ತಾಳ ಹಾಕುತ್ತಿರುವ ರಸಿಕರೇ ತಪ್ಪುವುದುಂಟು. ಆವರ್ತದ ಸಮ ಎಲ್ಲಿದೆ ಎಂದು ಯಂತ್ರ ಕಂಡುಹಿಡಿಯಬೇಕಾದರೆ ಅದಕ್ಕೆ ಮೊದಲು ತಾಳದ ಅಂಗಗಳನ್ನು ಕಲಿಸಬೇಕು. ಅಜಯ್ ಶ್ರೀನಿವಾಸಮೂರ್ತಿ ಬಾರ್ಸಿಲೋನಾದಲ್ಲಿ ಡಾಕ್ಟರೇಟ್‌ಗೆ ಆಯ್ದುಕೊಂಡದ್ದು ಇಂಥ ಲಯದ ಪ್ರಶ್ನೆಗಳನ್ನೇ.

ಶ್ರುತಿಯದು ಇನ್ನೊಂದು ತೊಡಕು. ಪಿಯಾನೋದ ಸ್ವರಗಳಿಗೆ ನಿಗದಿಯಾದ ಜಾಗವಿದೆ. ನಮ್ಮಲ್ಲಿ ಷಡ್ಜ ಯಾವುದೆಂಬುದು ಹಾಡುವವರ ಕಂಠಕ್ಕೆ ಬಿಟ್ಟದ್ದು, ಒಬ್ಬರಿಗೆ ಬಿಳಿ ಐದು ಒಗ್ಗಿದರೆ ಇನ್ನೊಬ್ಬರಿಗೆ ಕಪ್ಪು ಎರಡು. ಧ್ವನಿಮುದ್ರಿಕೆಯಲ್ಲಿ ಆಧಾರ ಷಡ್ಜ ಎಲ್ಲಿದೆ ಎಂದು ತಿಳಿಯದೆ ರಾಗ ಗುರುತಿಸುವ ಮಾತೇ ಇಲ್ಲ. ಸಂಶೋಧಕರು ಇದಕ್ಕೆ ಕಛೇರಿಯ ಹಿನ್ನೆಲೆಯಲ್ಲಿ ಒಂದೇ ಸಮನೆ ಮೊಳಗುವ ತಂಬೂರಿಯ ಮೊರೆಹೊಕ್ಕರು. ಕಲಾವಿದರಿಗೆ ದಾರಿ ತೋರುವ ಆ ನಾದವೇ ಯಂತ್ರಕ್ಕೂ ದಾರಿ ತೋರಿಸಿತು.

ಸಂಗೀತ ಮತ್ತು ಎಂಜಿನಿಯರಿಂಗ್ ಒಂದೇ ತಲೆಯಲ್ಲಿ ಕೂಡಿದ ನಿದರ್ಶನಕ್ಕೆ ಬೆಂಗಳೂರಿಗರು ಹೊರಗೆ ಹುಡುಕಬೇಕಿಲ್ಲ. ಕೊಳಲು ವಾದಕರೂ ಎಂಜಿನಿಯರರೂ ಆದ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ಇಲ್ಲಿ ಎಲೆಕ್ಟ್ರಾನಿಕ್ ಶ್ರುತಿ ವಾದ್ಯ ತಯಾರಿಸಿದರು. ಅವರ ರಾಡೆಲ್ ಪೆಟ್ಟಿಗೆಗಳು ಎಷ್ಟೋ ಮನೆಗಳ ಸಂಗೀತ ಪಾಠಕ್ಕೆ ತಂಬೂರಿಯಾದವು. ಅದಕ್ಕೂ ಬಹಳ ಹಿಂದೆ, 1934ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ತಾವೇ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಭಾರತದ ಚರ್ಮವಾದ್ಯಗಳ ಬಗ್ಗೆ ಬರೆದರು. ಬರಿಯ ಚರ್ಮ ಬಿಗಿದ ಡೋಲಿನ ಕಂಪನಗಳು ಒಂದಕ್ಕೊಂದು ಹೊಂದುವುದಿಲ್ಲ, ಅದಕ್ಕೇ ಅದರ ಸದ್ದು ಸ್ವರವಾಗುವುದಿಲ್ಲ. ಮೃದಂಗದ ಬಲ ಮುಖದ ನಡುವಿನ ಕರಣೆ ಚರ್ಮಕ್ಕೆ ತಕ್ಕ ಭಾರ ಕೊಟ್ಟು ಮೊದಲ ಒಂಬತ್ತು ಕಂಪನವಿಧಗಳನ್ನು ಐದು ಸುಸ್ವರಗಳಾಗಿ ಕೂಡಿಸುತ್ತದೆ ಎಂದು ರಾಮನ್ ತೋರಿಸಿದರು. ಚರ್ಮದ ಮೇಲೆ ನಯವಾದ ಮರಳು ಉದುರಿಸಿ, ನಾದ ಬಿಡಿಸುವ ಚಿತ್ತಾರಗಳನ್ನು ಅವರು ದಾಖಲಿಸಿದ್ದರು. ಹೆಸರಿಲ್ಲದ ವಾದ್ಯ ತಯಾರಕರು ಕೈಯಿಂದಲೂ ಕಿವಿಯಿಂದಲೂ ಕಂಡುಕೊಂಡ ವಿದ್ಯೆಗೆ ಅಷ್ಟು ಗೌರವದಿಂದ ಗಣಿತದ ಉತ್ತರ ಹುಡುಕಿದ ಬರಹ ಅಪರೂಪ.

ಸುಮಾರು ಎಂಬತ್ತು ವರ್ಷಗಳ ಮೇಲೆ ಅದೇ ಅರಿವು ಕೋಡ್ ಆಯಿತು. ಮೃದಂಗ ವಾದಕ ಅಕ್ಷಯ್ ಅನಂತಪದ್ಮನಾಭನ್, ಮದ್ರಾಸ್ ಐಐಟಿಯ ಹೇಮಾ ಮೂರ್ತಿಯವರ ಬಳಗದ ಜೊತೆ ಸೇರಿ 2013ರಲ್ಲಿ ಮೃದಂಗದ ಹೊಡೆತಗಳನ್ನು ಯಂತ್ರಕ್ಕೆ ಗುರುತು ಹಿಡಿಸುವ ಪ್ರಬಂಧ ಮಂಡಿಸಿದರು. ಕಂಪನವಿಧಗಳ ಬಗ್ಗೆ ರಾಮನ್ ಹೇಳಿದ್ದೇ ಅದರ ತಳಹದಿ. ಆ ಕೆಲಸದ ಜೊತೆಗೆ ಬಂದ ಸಂಗ್ರಹದಲ್ಲಿ ಆರು ಬೇರೆ ಬೇರೆ ಶ್ರುತಿಗಳಲ್ಲಿ ನುಡಿಸಿದ 6,977 ಹೊಡೆತಗಳಿವೆ: ಭೀಂ, ಧಿನ್, ನಂ, ತೊಂ, ಹೀಗೆ ಹತ್ತು ಬಗೆ. ಬೇಕಾದವರು ಇಳಿಸಿಕೊಳ್ಳಬಹುದು. ಒಂದು ರಾತ್ರಿಯಲ್ಲಿ ಹೊಸ ಕಲ್ಪನೆ ಪರೀಕ್ಷಿಸಬೇಕೆನ್ನುವ ಹ್ಯಾಕರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಬೇಡ. ಹೊಡೆತಗಳನ್ನು ಒಂದೊಂದಾಗಿ ಮುದ್ರಿಸಿ ಹೆಸರು ಬರೆಯುವ ಬೇಸರದ ಕೆಲಸವನ್ನು ಬೇರೆಯವರು ಆಗಲೇ ಮಾಡಿಟ್ಟಿದ್ದಾರೆ.

2022ರ ಡಿಸೆಂಬರ್‌ನಲ್ಲಿ ಇಸ್ಮಿರ್ ಸಮ್ಮೇಳನ ಮೊದಲ ಬಾರಿಗೆ ಭಾರತಕ್ಕೆ, ಬೆಂಗಳೂರಿಗೇ ಬಂತು. ಕೋವಿಡ್‌ನಿಂದ ಎರಡು ವರ್ಷ ತೆರೆಯ ಮೇಲಷ್ಟೇ ಭೇಟಿಯಾದ ಸಂಶೋಧಕರು ಮತ್ತೆ ಮುಖಾಮುಖಿಯಾದದ್ದು ಅಲ್ಲಿ. ಪ್ರೀತಿ ರಾವ್, ಹೇಮಾ ಮೂರ್ತಿ ಮತ್ತು ಅಜಯ್ ಶ್ರೀನಿವಾಸಮೂರ್ತಿ ಅದರ ಮುಖ್ಯಸ್ಥರಾಗಿದ್ದರು. ಈ ಮೂವರೂ ವರ್ಷಗಟ್ಟಲೆ ಭಾರತೀಯ ಸಂಗೀತದ ಮೇಲೇ ಕೆಲಸ ಮಾಡಿದವರು.

ಅಷ್ಟರಲ್ಲಿ ಮೊದಲ ಹ್ಯಾಕ್ ಡೇಗಳ ಲೋಕ ಸೊರಗಿತ್ತು. ಸ್ಪಾಟಿಫೈ 2014ರ ಮಾರ್ಚ್‌ನಲ್ಲಿ ಎಕೊ ನೆಸ್ಟನ್ನು ಕೊಂಡುಕೊಂಡಿತು. 2016ರ ಮೇ ಕೊನೆಗೆ ಎಕೊ ನೆಸ್ಟ್‌ನ ಹಳೆಯ ಎಪಿಐ ಮುಚ್ಚಿತು. ಅದನ್ನೇ ನಂಬಿ ನಿಂತಿದ್ದ ನೂರಾರು ಹ್ಯಾಕ್‌ಗಳ ಉಸಿರು ನಿಂತಿತು. ಅಂತ್ಯವಿಲ್ಲದ ಜ್ಯೂಕ್‌ಬಾಕ್ಸನ್ನು ಅಭಿಮಾನಿಗಳು ‘ಎಟರ್ನಲ್ ಜ್ಯೂಕ್‌ಬಾಕ್ಸ್’ ಎಂಬ ಹೆಸರಲ್ಲಿ ಮತ್ತೆ ಕಟ್ಟಿದರು. ಆದರೆ 2024ರ ನವೆಂಬರ್ 27ರಂದು ಸ್ಪಾಟಿಫೈ ಹಾಡುಗಳ ವಿಶ್ಲೇಷಣೆಯ ಅಂಕಿಅಂಶಗಳನ್ನು ಹೊಸ ಆಪ್‌ಗಳಿಗೆ ಕೊಡುವುದನ್ನೂ ನಿಲ್ಲಿಸಿತು. ಕಂಪನಿ ತನ್ನ ಸ್ವತ್ತಿಗೆ ಬಾಗಿಲು ಹಾಕಿಕೊಳ್ಳುವುದು ಅದರ ಹಕ್ಕು, ನಿಜ. ಆದರೆ 2009ರಿಂದ ಹತ್ತಾರು ಊರುಗಳಲ್ಲಿ ನಿದ್ದೆಗೆಟ್ಟು ಕಟ್ಟಿದ ಅಷ್ಟು ಜಾಣ್ಮೆಯ ಕೆಲಸದಲ್ಲಿ ಇಂದು ಓಡುವುದು ಎಷ್ಟು ಎಂದು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದೇ ಕಾಲದ ಲಿಬ್ರೋಸಾ, ಎಸೆನ್ಷಿಯಾ, ಫ್ರೀಸೌಂಡ್ ಮೂರೂ ಬದುಕಿವೆ. ಅವುಗಳ ಕೀಲಿ ಯಾವ ಒಬ್ಬ ಮಾಲೀಕನ ಕಿಸೆಯಲ್ಲೂ ಇಲ್ಲ. ಹ್ಯಾಕಥಾನ್ ಏರ್ಪಡಿಸುವವರು ಬಹುಮಾನದ ಮೊತ್ತಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು: ಭಾಗವಹಿಸುವವರ ಕೈಗೆ ಕೊಡುವ ದತ್ತಾಂಶ ಐದು ವರ್ಷದ ಮೇಲೂ ಅವರ ಕೈಯಲ್ಲಿರುತ್ತದೆಯೇ?

ಕಾಂಪ್‌ಮ್ಯೂಸಿಕ್‌ನಿಂದ ಬೆಳೆದ ‘ಸರಾಗ’ ಸಂಗ್ರಹ ಆ ಪ್ರಶ್ನೆಗೆ ಹೌದು ಎನ್ನುತ್ತದೆ. ಅದರಲ್ಲಿ ಕರ್ನಾಟಕ ಸಂಗೀತದ 249, ಹಿಂದೂಸ್ತಾನಿಯ 108 ಮುದ್ರಿಕೆಗಳಿವೆ, ಎಲ್ಲವೂ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ. ಕರ್ನಾಟಕ ಸಂಗೀತದ ಅನೇಕ ಮುದ್ರಿಕೆಗಳಲ್ಲಿ ಗಾಯನ, ಪಿಟೀಲು, ಮೃದಂಗಗಳ ಮೈಕುಗಳು ಬೇರೆ ಬೇರೆಯಾಗಿಯೇ ಸಿಗುತ್ತವೆ. ಮುಂದಿನ ಕೂಟಕ್ಕೆ ಬೇಕಾದಷ್ಟು ಕೆಲಸವೂ ಅಲ್ಲೇ ಕಾದಿದೆ. ಹಾಡಿನಿಂದ ಕಂಠವನ್ನು ಬೇರ್ಪಡಿಸುವ ‘ಸ್ಪ್ಲೀಟರ್’, ‘ಡೆಮಕ್ಸ್’ ಮುಂತಾದ ತಂತ್ರಾಂಶಗಳು ಸ್ಟುಡಿಯೋದಲ್ಲಿ ಒಂದೊಂದಾಗಿ ಮುದ್ರಿಸಿದ ಪಾಪ್ ಹಾಡು ಕೇಳಿ ಪಳಗಿದವು. ಕಛೇರಿಯ ವೇದಿಕೆಯಲ್ಲಿ ಪಕ್ಕವಾದ್ಯದವರು ಗಾಯಕರ ಮಗ್ಗುಲಲ್ಲೇ ಕೂರುತ್ತಾರೆ. ಗಾಯಕರ ಮೈಕಿನೊಳಗೆ ಪಿಟೀಲೂ ಮೃದಂಗವೂ ನುಗ್ಗಿರುತ್ತವೆ. ಸಾಲದ್ದಕ್ಕೆ ಆಲಾಪನೆಯಲ್ಲಿ ಪಿಟೀಲು ಕಂಠದ ಗಮಕಗಳನ್ನೇ ಒಂದು ಉಸಿರಿನಷ್ಟು ಹಿಂದೆ ನೆರಳಿನಂತೆ ಹಿಂಬಾಲಿಸುತ್ತದೆ. ಹೀಗೆ ಸೋರಿದ ಮುದ್ರಿಕೆಗಳಿಂದಲೇ ಕಂಠವನ್ನು ಬಿಡಿಸಲು ಕಲಿಸುವ ವಿಧಾನವೊಂದನ್ನು ಬಾರ್ಸಿಲೋನಾದ ಬಳಗದವರು 2023ರ ಇಸ್ಮಿರ್‌ನಲ್ಲಿ ಮಂಡಿಸಿದರು. ಅದು ಕಂಠಕ್ಕೆ ಸಂಬಂಧಿಸಿದ್ದು. ನೆರಳಿನಂತೆ ಹಿಂಬಾಲಿಸುವ ಆ ಪಿಟೀಲನ್ನು, ತನಿ ಆವರ್ತನದಲ್ಲಿ ಒಂದರ ಮೇಲೊಂದು ಬೀಳುವ ಮೃದಂಗ ಮತ್ತು ಘಟವನ್ನು ಬಿಡಿಬಿಡಿಯಾಗಿ ಕೇಳಿಸುವ ಕೆಲಸಕ್ಕೆ ಕೋಡ್ ಬಲ್ಲವರ ಪಕ್ಕದಲ್ಲಿ ಪಿಟೀಲು ಹಿಡಿದ ವಿದ್ವಾಂಸರೊಬ್ಬರು, ಘಟದ ಮುಂದೆ ಕೂತ ಇನ್ನೊಬ್ಬರು ಬೇಕು.